ಬೋರ್‌ವೆಲ್ ಕೊರೆಸಿ ಬಂದೆವು, ಆ ಪಂಪು ಈಗ ಯಾರದ್ದು?

ಕೈಪಂಪು · ಶನಿವಾರ ರಾತ್ರಿ 9:20

ಮೊನ್ನೆ ಒಂದು ಫೋಟೋ ಬಂತು. ಆಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಲಾವಿ ದೇಶದ ದಕ್ಷಿಣ ಭಾಗದಲ್ಲಿ ಎರಡೂವರೆ ವರ್ಷ ನೀರಿನ ಕೆಲಸ ಮಾಡಿದ್ದೆ. ಒಂದು ಸಂಸ್ಥೆಯ ಪರವಾಗಿ ಹಳ್ಳಿಗಳಲ್ಲಿ ಬೋರ್‌ವೆಲ್ ಕೊರೆಸಿ ಆಫ್ರಿಡೆವ್ ಎಂಬ ಬಗೆಯ ಕೈಪಂಪು ಕೂರಿಸುವುದು, ಪ್ರತಿ ಪಂಪಿಗೂ ಒಂದು ನೀರಿನ ಸಮಿತಿ ಮಾಡಿಸುವುದು ನಮ್ಮ ಕೆಲಸ. ಸಮಿತಿಯಲ್ಲಿ ಹತ್ತು ಜನ, ಅರ್ಧಕ್ಕಿಂತ ಹೆಚ್ಚು ಹೆಂಗಸರು. ಮನೆಗಿಷ್ಟು ಕ್ವಾಚಾ (ಅಲ್ಲಿನ ಹಣ) ಅಂತ ತಿಂಗಳು ತಿಂಗಳು ವಂತಿಗೆ ಎತ್ತಬೇಕು, ಬಿಡಿಭಾಗಕ್ಕೆ ಅದೇ ದುಡ್ಡು. ಮೂರು ದಿನ ತರಬೇತಿ ಕೊಟ್ಟೆವು. ಹೊರಡುವ ದಿನ ಊರೇ ಸೇರಿ ಹಾಡಿ ಬೀಳ್ಕೊಟ್ಟಿತು.

ಫೋಟೋ ಕಳಿಸಿದ್ದು ಆಗ ನನ್ನ ಜೊತೆಗಿದ್ದ ಅಲ್ಲಿನ ಗೆಳೆಯ. ಪಂಪಿನ ಹಿಡಿ ಇದೆ, ಕಟ್ಟೆ ಇದೆ, ಸಿಮೆಂಟ್ ಹಸಿ ಇದ್ದಾಗ ಕಡ್ಡಿಯಲ್ಲಿ ಕೊರೆದ ತಾರೀಖೂ ಇದೆ. ಚೆಲ್ಲಿದ ನೀರು ಹರಿದುಹೋಗಲು ಕಟ್ಟಿದ ಕಾಲುವೆ ಒಣಗಿ ಬಿರುಕು ಬಿಟ್ಟಿದೆ. ಎಂಟು ತಿಂಗಳಿಂದ ನೀರಿಲ್ಲವಂತೆ. ಹೆಂಗಸರು ಮತ್ತೆ ಆ ಹಳೇ ಹೊಂಡಕ್ಕೇ ಹೋಗುತ್ತಿದ್ದಾರೆ.

ಗೆಳೆಯನ ಅಂದಾಜಿನ ಪ್ರಕಾರ ಒಳಗಿನ ಯು-ಸೀಲ್ ಸವೆದಿದೆ. ಅದು ಅಂಗೈಯಲ್ಲಿ ಕೂರುವಷ್ಟು ಚಿಕ್ಕ ರಬ್ಬರ್ ಬಳೆ. ಆಫ್ರಿಡೆವ್ ಪಂಪನ್ನು ರೂಪಿಸಿದ್ದೇ ಹಳ್ಳಿಯವರು ತಾವೇ ಬಿಚ್ಚಿ ರಿಪೇರಿ ಮಾಡಿಕೊಳ್ಳಲಿ ಅಂತ. 1981ರಿಂದ 1990ರವರೆಗಿನ ಅಂತರರಾಷ್ಟ್ರೀಯ ಕುಡಿಯುವ ನೀರಿನ ದಶಕದಲ್ಲಿ ಹುಟ್ಟಿದ ವಿಚಾರ ಅದು. ಒಂದು ಸ್ಪ್ಯಾನರ್ ಸಾಕು. ಪೈಪನ್ನು ಮೇಲೆತ್ತುವ ಗೋಜಿಲ್ಲ, ಸರಳುಗಳನ್ನು ಒಂದೊಂದಾಗಿ ಎಳೆದು, ತುದಿಯಲ್ಲಿರುವ, ನೀರೆತ್ತುವ ಪ್ಲಂಜರ್ ಹೊರತೆಗೆದು, ಹಳೇ ಸೀಲ್ ಕಿತ್ತು ಹೊಸದು ಕೂರಿಸಿದರೆ ಆಯಿತು. ತರಬೇತಿಯಲ್ಲಿ ಇದೇ ಸಮಿತಿಯ ಹೆಂಗಸರು ನನ್ನೆದುರು ಮಾಡಿ ತೋರಿಸಿದ್ದರು.

ಖಜಾಂಚಿ ಹತ್ತಿರ ದುಡ್ಡಿಲ್ಲವಂತೆ. ತಿಂದುಹಾಕಿದರು ಅಂತ ಸಿಟ್ಟು ಬಂತು. ಆದರೆ ಆ ಖಜಾಂಚಿ ಅಮ್ಮನನ್ನು ನಾನು ಬಲ್ಲೆ, ಹಾಗೆ ಮಾಡುವವರಲ್ಲ. ಇಂಥ ಕೆಲಸದಲ್ಲಿ ಇದ್ದವರು ಇಲ್ಲಿ ಕೆಲವರಿದ್ದೀರಿ. ನಾವು ಎಡವಿದ್ದು ಎಲ್ಲಿ?

ಮೂರು ಬೀಗ · ಶನಿವಾರ ರಾತ್ರಿ 10:05

ಸರ್, ಸಿಟ್ಟಾಗುವ ಮೊದಲು ಒಂದು ವಿಚಾರಿಸಿ. ಆ ದುಡ್ಡು ಯಾವ ತಿಂಗಳಲ್ಲಿ ಖಾಲಿಯಾಯಿತು?

ನಾನು ನೈಜರ್ ದೇಶದ ಮರಾಡಿ ಕಡೆ ಉಳಿತಾಯ ಗುಂಪುಗಳ ಜೊತೆ ನಾಲ್ಕು ವರ್ಷ ಇದ್ದೆ. 1991ರಲ್ಲಿ ಕೇರ್ ಎಂಬ ನೆರವು ಸಂಸ್ಥೆ ಅಲ್ಲಿನ ಹೆಂಗಸರ ಜೊತೆ ಶುರುಮಾಡಿದ ಪದ್ಧತಿ ಅದು, ಆಮೇಲೆ ಆಫ್ರಿಕಾದ ಎಷ್ಟೋ ದೇಶಗಳಿಗೆ ಹಬ್ಬಿತು. ಪೆಟ್ಟಿಗೆಗೆ ಹೊರಗಿನ ದುಡ್ಡು ಬೀಳುವುದೇ ಇಲ್ಲ. ಗುಂಪಿನಲ್ಲಿ ಇಪ್ಪತ್ತು, ಇಪ್ಪತ್ತೈದು ಜನ, ಅಷ್ಟೇ. ಒಂದು ತಗಡಿನ ಪೆಟ್ಟಿಗೆ, ಅದಕ್ಕೆ ಮೂರು ಬೀಗ. ಬೀಗದ ಕೈ ಮೂವರು ಬೇರೆ ಬೇರೆ ಹೆಂಗಸರ ಹತ್ತಿರ, ಪೆಟ್ಟಿಗೆ ಇನ್ನೊಬ್ಬಳ ಮನೆಯಲ್ಲಿ. ಮೂವರೂ ಬಂದರೇನೇ ಪೆಟ್ಟಿಗೆ ತೆರೆಯುವುದು, ಅದೂ ಸಭೆಯ ನಡುವೆ, ಎಲ್ಲರ ಕಣ್ಣೆದುರು.

ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ಸಭೆ ಮುಗಿಯುವ ಹೊತ್ತು. ಪೆಟ್ಟಿಗೆಯಲ್ಲಿ ಎಷ್ಟಿದೆ ಅಂತ ಎಲ್ಲರೂ ಗಟ್ಟಿಯಾಗಿ ಹೇಳಿ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಮುಂದಿನ ಸಭೆಯಲ್ಲಿ ಬೀಗ ತೆಗೆಯುವ ಮೊದಲು ಅದೇ ಪ್ರಶ್ನೆ: ಹೋದ ಸಲ ಎಷ್ಟಿತ್ತು? ಅಕ್ಷರ ಬಾರದ ಅಜ್ಜಿ ಕೂತಲ್ಲಿಂದಲೇ ಹೇಳುತ್ತಾಳೆ. ಒಬ್ಬಳು ತಪ್ಪು ಹೇಳಿದರೆ ನಾಲ್ಕು ಜನ ತಿದ್ದುತ್ತಾರೆ. ಲೆಕ್ಕ ಒಬ್ಬರ ಪುಸ್ತಕದಲ್ಲಿಲ್ಲ, ಅಷ್ಟೂ ತಲೆಗಳಲ್ಲಿದೆ. ಅಲ್ಲಿ ಒಬ್ಬರು ದುಡ್ಡು ಮುಟ್ಟುವುದು ಸುಲಭವಲ್ಲ. ಮುಟ್ಟಿದರು ಅಂತ ಇಲ್ಲದ ಅಪವಾದ ಹೊರಿಸುವುದೂ ಸುಲಭವಲ್ಲ.

ನಿಮ್ಮ ಊರಿನಲ್ಲಿ ದುಡ್ಡು ಆ ಅಮ್ಮನ ಮನೆಯ ಡಬ್ಬದಲ್ಲಿತ್ತು ಅಂತ ಕಾಣುತ್ತದೆ. ಇನ್ನು ತಿಂಗಳ ವಂತಿಗೆ ವಿಷಯ. ಮಲಾವಿಯಲ್ಲಿ ಮೆಕ್ಕೆಜೋಳದ ಸುಗ್ಗಿ ಏಪ್ರಿಲ್, ಮೇನಲ್ಲಿ. ಡಿಸೆಂಬರ್ ಕಳೆಯುವಷ್ಟರಲ್ಲಿ ಎಷ್ಟೋ ಮನೆಗಳ ಕಣಜ ಖಾಲಿಯಾಗಿರುತ್ತದೆ, ಮಾರ್ಚ್‌ವರೆಗೂ ಕೂಲಿಯೇ ಗತಿ. ಜನವರಿಯಲ್ಲಿ ಹಸಿದ ಮನೆಯ ಬಾಗಿಲಿಗೆ ಹೋಗಿ ಪಂಪಿನ ವಂತಿಗೆ ಕೇಳು ಅಂತ ಯಾರಿಗೆ ಹೇಳುತ್ತೀರಿ? ಹನ್ನೆರಡು ಸಮ ಕಂತು ಸಂಬಳ ಬರುವವರ ಲೆಕ್ಕ. ಅವರದು ಸುಗ್ಗಿಯ ಲೆಕ್ಕ.

ಲೆಕ್ಕಪತ್ರ · ಭಾನುವಾರ ಬೆಳಿಗ್ಗೆ 7:40

ನಾನು ಮೇಜಿನ ಆ ಬದಿಯಲ್ಲಿ ಕೂತವನು. ಹಣ ಕೊಡುವ ಸಂಸ್ಥೆಗಳಿಗೆ ಪ್ರಾಜೆಕ್ಟ್‌ಗಳ ಲೆಕ್ಕ ತಪಾಸಣೆ ಮಾಡುವುದು ನನ್ನ ಉದ್ಯೋಗ, ಹದಿನಾಲ್ಕು ವರ್ಷದಿಂದ.

ಮಲಾವಿಯಲ್ಲಿ ಒಂದು ಕೈಪಂಪಿಗೆ 250 ಜನ ಅಂತ ಮಾನದಂಡವಿದೆ. ಪಂಪು ಕೂರಿಸಿದ ದಿನವೇ 250 ಜನರಿಗೆ ಶುದ್ಧ ನೀರು ಸಿಕ್ಕಿತು ಅಂತ ವರದಿಗೆ ಸೇರುತ್ತದೆ. ಪಂಪು ಕೆಟ್ಟ ದಿನ ಆ 250ನ್ನು ಕಳೆಯಲು ನಾನು ನೋಡಿದ ಯಾವ ಫಾರಂನಲ್ಲೂ ಕಾಲಂ ಇರಲಿಲ್ಲ. ಪ್ರಾಜೆಕ್ಟ್ ಎರಡೋ ಮೂರೋ ವರ್ಷಕ್ಕೆ ಮುಗಿಯುತ್ತದೆ, ಕಡತ ಮುಚ್ಚುತ್ತದೆ. ಸೀಲ್ ಸವೆಯುವುದು ಕಡತ ಮುಚ್ಚಿದ ಮೇಲೆ.

ಇದು ನಿಮ್ಮೊಬ್ಬರ ಕಥೆಯಲ್ಲ. ಗ್ರಾಮೀಣ ನೀರು ಸರಬರಾಜು ಜಾಲ ಎಂಬ ಅಂತರರಾಷ್ಟ್ರೀಯ ಒಕ್ಕೂಟ 2009ರಲ್ಲಿ ಸಹಾರಾ ಮರುಭೂಮಿಯ ದಕ್ಷಿಣದ ಸುಮಾರು ಇಪ್ಪತ್ತು ದೇಶಗಳ ಅಂಕಿ ಒಟ್ಟುಗೂಡಿಸಿದಾಗ ಕೈಪಂಪುಗಳಲ್ಲಿ ಶೇ. 36 ಕೆಟ್ಟು ನಿಂತಿದ್ದವು. ಮೂರರಲ್ಲಿ ಒಂದಕ್ಕಿಂತ ಹೆಚ್ಚು.

ಆದರೂ ಒಂದು ಮಾತು. ಲೆಕ್ಕ ಕೇಳುವುದೇ ತಪ್ಪು ಅನ್ನುವಂತೆ ಮಾತಾಡುವವರನ್ನು ನಾನು ಒಪ್ಪುವುದಿಲ್ಲ. ಪಂಪಿನ ಹೆಸರಲ್ಲಿ ಎತ್ತಿದ ದುಡ್ಡು ಪಂಪಿಗೇ ಹೋಗಬೇಕು. ಬೇರೆಲ್ಲಿಗೆ ಹೋದರೂ ನಮ್ಮ ನಿಯಮದಲ್ಲಿ ಅದು ದುರ್ಬಳಕೆಯೇ.

ನೇರ ದಾರಿ · ಭಾನುವಾರ ಬೆಳಿಗ್ಗೆ 8:15

ಇಷ್ಟೊಂದು ತಲೆಬಿಸಿ ಯಾಕೆ? ಒಂದು ರಬ್ಬರ್ ಬಳೆಗೆ ಎಷ್ಟಾಗುತ್ತದೆ ಹೇಳಿ, ಇಲ್ಲಿರುವ ಹತ್ತು ಜನ ಸೇರಿ ಇವತ್ತೇ ಕಳಿಸೋಣ. ನಾನು ಮೊದಲು ಹಾಕುತ್ತೇನೆ.

ಬಡವರಿಗೆ ಏನು ಬೇಕು ಅಂತ ದೂರದಲ್ಲಿ ಕೂತು ತೀರ್ಮಾನಿಸುವುದೇ ಈ ಕ್ಷೇತ್ರದ ದೊಡ್ಡ ರೋಗ ಅಂತ ನನ್ನ ನಂಬಿಕೆ. ಪ್ಲೇಪಂಪ್ ನೆನಪಿದೆಯಾ? ಮಕ್ಕಳು ತಿರುಗುಣಿಯಲ್ಲಿ ಆಡುತ್ತಿದ್ದರೆ ನೀರು ಮೇಲೆ ಬರುತ್ತದೆ ಅಂತ ದಕ್ಷಿಣ ಆಫ್ರಿಕಾದಲ್ಲಿ ಮಾಡಿದ್ದು. 2006ರಲ್ಲಿ ಅಮೆರಿಕ ಅದಕ್ಕೆ ಕೋಟಿಗಟ್ಟಲೆ ಡಾಲರ್ ಘೋಷಿಸಿತು, 2010ರೊಳಗೆ 4,000 ಪಂಪು ಅಂತ ಗುರಿ. ಒಂದಕ್ಕೆ ಸುಮಾರು 14,000 ಡಾಲರ್, ಅದೇ ದುಡ್ಡಿಗೆ ನಾಲ್ಕು ಮಾಮೂಲಿ ಕೈಪಂಪು ಬರುತ್ತಿದ್ದವು. ಹೇಳಿದಷ್ಟು ಜನಕ್ಕೆ ನೀರು ಬರಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು ಅಂತ ಗಾರ್ಡಿಯನ್ ಪತ್ರಿಕೆ 2009ರಲ್ಲಿ ಲೆಕ್ಕ ಹಾಕಿತು. ಮಕ್ಕಳು ಶಾಲೆಗೆ ಹೋದಾಗ ಆ ಭಾರದ ಚಕ್ರ ತಳ್ಳಿದ್ದು ಮತ್ತೆ ಅದೇ ಹೆಂಗಸರು.

ಕೀನ್ಯಾದಲ್ಲಿ ಮೊಬೈಲ್ ಮೂಲಕ ಬಡ ಕುಟುಂಬಗಳಿಗೆ ನೇರವಾಗಿ ದುಡ್ಡು ಕಳಿಸಿ ನೋಡಿದರು. ಜನ ಅದನ್ನು ಕುಡಿದು ಹಾಳುಮಾಡಲಿಲ್ಲ. ಹುಲ್ಲಿನ ಮಾಡು ತೆಗೆದು ತಗಡು ಹಾಕಿಸಿದರು, ದನ ಕೊಂಡರು, ಮಕ್ಕಳಿಗೆ ಹೊಟ್ಟೆ ತುಂಬ ಹಾಕಿದರು. ಅವರ ಮೇಲೆ ನಂಬಿಕೆ ಇಡಿ, ದುಡ್ಡು ಕೊಡಿ, ಪಕ್ಕಕ್ಕೆ ಸರಿಯಿರಿ.

ಮೂರು ಬೀಗ · ಭಾನುವಾರ ಬೆಳಿಗ್ಗೆ 9:02

ನಿಮ್ಮ ಮನಸ್ಸು ಒಳ್ಳೆಯದು ಅಂತ ಗೊತ್ತು, ಆದರೆ ದಯವಿಟ್ಟು ಈಗಲೇ ಕಳಿಸಬೇಡಿ. ಮನೆಮನೆಗೆ ಹೋಗುವ ದುಡ್ಡಿನ ಮಾತು ಬೇರೆ, ಅದರಲ್ಲಿ ನಿಮ್ಮ ಜೊತೆ ನನಗೆ ತಕರಾರಿಲ್ಲ. ಪಂಪು ಊರಿನದು. ಅದು ಕೆಟ್ಟಾಗಲೆಲ್ಲ ದೂರದ ಯಾರೋ ಕಳಿಸುತ್ತಾರೆ ಅಂತಾದರೆ ಮುಂದಿನ ಸಲ ಊರಿನಲ್ಲಿ ಸಭೆಯೇ ಸೇರುವುದಿಲ್ಲ, ಕೈಪಂಪು ಸರ್‌ಗೆ ಫೋಟೋ ಹೋಗುತ್ತದೆ. ಮೊದಲು ಅವರನ್ನು ಕೇಳಿ. ಏನು ಬೇಕು ಅಂತ ಮಾತ್ರ ಕೇಳಿದರೆ ಸಾಲದು, ಏನಾಯಿತು ಅಂತ ಕೇಳಿ.

ಬಿಳಿ ಕೋಟು · ಭಾನುವಾರ ಮಧ್ಯಾಹ್ನ 2:30

ನಾನು ವೈದ್ಯೆ, ಬಾಂಗ್ಲಾದೇಶದಲ್ಲಿ ಮೂರು ವರ್ಷ ಇದ್ದೆ. ಅಲ್ಲಿನ ಎರಡು ಕಥೆ ಹೇಳಬೇಕು, ಎರಡೂ ನೀರಿನದೇ.

ಮೊದಲನೆಯದು ನೋವಿನದು. ಹೊಂಡದ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯುತ್ತಿದ್ದ ಕಾಲ. 1970ರ ದಶಕದಿಂದ ಯುನಿಸೆಫ್ ಮತ್ತು ಸರ್ಕಾರ ಸೇರಿ ಕೊಳವೆಬಾವಿ ಹಾಕಿಸಿದರು, ಅದನ್ನು ನೋಡಿ ಜನರೂ ತಮ್ಮ ದುಡ್ಡಿನಲ್ಲಿ ಲಕ್ಷಗಟ್ಟಲೆ ಹಾಕಿಸಿಕೊಂಡರು. ನೀರು ತಿಳಿಯಾಗಿತ್ತು, ತಣ್ಣಗಿತ್ತು. ಅದರೊಳಗೆ ಆರ್ಸೆನಿಕ್ ಇರುವುದು ಗೊತ್ತಾದದ್ದು 1993ರಲ್ಲಿ. ಮೂರೂವರೆ ಕೋಟಿಯಿಂದ ಏಳು ಕೋಟಿ ಎಪ್ಪತ್ತು ಲಕ್ಷ ಜನ ಅಪಾಯದಲ್ಲಿದ್ದಾರೆ, ಚರಿತ್ರೆಯಲ್ಲೇ ಅತಿದೊಡ್ಡ ಸಾಮೂಹಿಕ ವಿಷಪ್ರಾಶನ ಇದು ಅಂತ 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂತು. ಆಮೇಲೆ ಸುಮಾರು 50 ಲಕ್ಷ ಬಾವಿ ಪರೀಕ್ಷಿಸಿ, ವಿಷವಿದ್ದದ್ದಕ್ಕೆ ಕೆಂಪು, ಇಲ್ಲದ್ದಕ್ಕೆ ಹಸಿರು ಬಣ್ಣ ಬಳಿದರು. ಅಂಗೈ ಮೇಲೆ ಗಂಟು ಗಂಟಾಗಿ ಚರ್ಮ ಗಡುಸಾದ ಹೆಂಗಸೊಬ್ಬರು ನನ್ನ ಹತ್ತಿರ ಬಂದಿದ್ದರು. ಅವರ ಅಂಗಳದ ಬಾವಿ ಕೆಂಪು. ಹಸಿರು ಬಾವಿ ನಾಲ್ಕು ಮನೆಯಾಚೆ, ಆ ಮನೆಯವರ ಜೊತೆ ಮಾತಿಲ್ಲ. ಆ ಮನಸ್ತಾಪ ಸರಿಹೋಗಿದ್ದು ನನ್ನ ಔಷಧಿಯಿಂದಲ್ಲ, ಅವರ ಅತ್ತೆ ಕೊಡ ಹಿಡಿದು ಆ ಮನೆಗೆ ಹೋಗಿ ಮಾತಾಡಿದ್ದರಿಂದ. ಒಳ್ಳೆಯ ಉದ್ದೇಶದಿಂದ ಹೋದವರೂ ನೀರನ್ನು ಪೂರ್ತಿ ಪರೀಕ್ಷೆ ಮಾಡಿಸಬೇಕು, ಆಮೇಲೂ ವರ್ಷಗಟ್ಟಲೆ ಹೋಗಿ ನೋಡುತ್ತಿರಬೇಕು ಅಂತ ಅಲ್ಲಿ ಕಲಿತೆ.

ಎರಡನೆಯದು ಬ್ರಾಕ್ ಸಂಸ್ಥೆಯದು. 1972ರಲ್ಲಿ ಫಜ್ಲೆ ಹಸನ್ ಅಬೇದ್ ಸುಲ್ಲಾ ಎಂಬ ಹಿಂದುಳಿದ ಪ್ರದೇಶದಲ್ಲಿ ಶುರುಮಾಡಿದ್ದು. 1980ರಿಂದ ಹತ್ತು ವರ್ಷ ಅವರ ಕಾರ್ಯಕರ್ತೆಯರು ಮನೆಮನೆಗೆ ನಡೆದುಹೋಗಿ ತಾಯಂದಿರಿಗೆ ಒಂದೇ ವಿದ್ಯೆ ಕಲಿಸಿದರು, ಭೇದಿಯಾದ ಮಗುವಿಗೆ ಕುಡಿಸುವ ನೀರು ಮಾಡುವುದು: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು. ಪ್ಯಾಕೆಟ್ ಬೇಡ, ಅಂಗಡಿ ಬೇಡ, ಅಳತೆ ಕೈಯಲ್ಲೇ ಇದೆ. ಸುಮಾರು 1.2 ಕೋಟಿ ಮನೆ ಮುಟ್ಟಿದರು. ಲೆಕ್ಕಪತ್ರ ಅವರು ಇದನ್ನು ಗಮನಿಸಬೇಕು: ಕಾರ್ಯಕರ್ತೆಗೆ ಸಂಭಾವನೆ ಎಷ್ಟು ಮನೆಗೆ ಹೋದಳು ಅನ್ನುವುದರ ಮೇಲೆ ಇರಲಿಲ್ಲ. ಕೆಲವು ವಾರ ಬಿಟ್ಟು ಬೇರೆಯವರು ಹೋಗಿ, ಹತ್ತರಲ್ಲಿ ಒಂದು ಮನೆಯ ತಾಯಿಯನ್ನು ಕೇಳುತ್ತಿದ್ದರು. ಆ ತಾಯಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಾರ್ಯಕರ್ತೆಯ ದುಡ್ಡು.

ಅಷ್ಟಾದರೂ ಮೊದಮೊದಲು ತಾಯಂದಿರಿಗೆ ಬಾಯಲ್ಲಿ ಪಾಠ ಬರುತ್ತಿತ್ತು, ಮಗುವಿಗೆ ಭೇದಿಯಾದಾಗ ಮಾತ್ರ ಕೊಡುತ್ತಿರಲಿಲ್ಲ. ಯಾಕೆ ಅಂತ ಹುಡುಕಿದರೆ, ಕಲಿಸಲು ಹೋದವರಲ್ಲೇ ಹಲವರು ಅದನ್ನು ನಂಬಿರಲಿಲ್ಲ, ತಮ್ಮ ಮನೆಯಲ್ಲಿ ಬಳಸುತ್ತಿರಲಿಲ್ಲ. ಜೊತೆಗೆ, ಮನೆಯ ಗಂಡಸರಿಗೆ ಯಾರೂ ಏನೂ ಹೇಳಿರಲಿಲ್ಲ. ಎರಡನ್ನೂ ಸರಿಮಾಡಿದ ಮೇಲೆ ಬಳಕೆ ಏರಿತು. ಇದು ಕಾಗದದಲ್ಲಿ ಕೂತು ಹೊಳೆಯುವ ಕಾರಣವಲ್ಲ. ಹೋಗಿ ಕೇಳಿದ್ದರಿಂದ ಸಿಕ್ಕಿದ್ದು.

ಹೊಸಬಳು · ಭಾನುವಾರ ಸಂಜೆ 6:10

ನಮಸ್ಕಾರ. ನಾನಿನ್ನೂ ಓದುತ್ತಿದ್ದೇನೆ. ಉಗಾಂಡಾದಲ್ಲಿ ಮೂರು ತಿಂಗಳು ಸ್ವಯಂಸೇವಕಿಯಾಗಿ ಹೋಗುವ ಅವಕಾಶ ಬಂದಿದೆ, ಶಾಲೆ ಕಟ್ಟುವ ಕೆಲಸ. ಇದೆಲ್ಲ ಓದಿದ ಮೇಲೆ ಹೋಗಬೇಕೋ ಬೇಡವೋ ತಿಳಿಯುತ್ತಿಲ್ಲ.

ಇನ್ನೊಂದು ಪ್ರಶ್ನೆ. ತರಗತಿಯಲ್ಲಿ ಶೌಚಾಲಯದ ಬಗ್ಗೆ ಒಂದು ಪದ್ಧತಿ ಕಲಿತೆವು. ಬಾಂಗ್ಲಾದೇಶದ ರಾಜಶಾಹಿ ಜಿಲ್ಲೆಯ ಮೊಸ್‌ಮೊಯಿಲ್ ಹಳ್ಳಿಯಲ್ಲಿ ಕಮಲ್ ಕರ್ ಅವರು 2000ದ ಹೊತ್ತಿಗೆ ಆರಂಭಿಸಿದ್ದು. ಊರವರೇ ನೆಲದ ಮೇಲೆ ಊರಿನ ನಕ್ಷೆ ಬರೆದು, ಬಯಲಿಗೆ ಹೋಗುವ ಜಾಗಕ್ಕೆಲ್ಲ ಹಳದಿ ಪುಡಿ ಹಾಕುತ್ತಾರೆ. ಹೇಸಿಗೆ ಹುಟ್ಟಿ ತಾವಾಗಿಯೇ ಗುಂಡಿ ತೋಡುತ್ತಾರೆ, ಸಹಾಯಧನ ಕೊಡುವುದಿಲ್ಲ. ಊರೇ ತೀರ್ಮಾನಿಸಿದ್ದು ಅಂದಮೇಲೆ ಇದು ನೀವೆಲ್ಲ ಹೇಳುತ್ತಿರುವುದಕ್ಕೆ ಹತ್ತಿರವಲ್ಲವೇ?

ಬಿಳಿ ಕೋಟು · ಭಾನುವಾರ ರಾತ್ರಿ 8:45

ಹತ್ತಿರ ಹೌದಮ್ಮ, ಆದರೆ ಅಂಚಿನಲ್ಲಿ ನಿಂತ ವಿಷಯ ಅದು. ಊರು ತಾನಾಗಿ ನಾಚಿಕೊಂಡು ಬದಲಾಗುವುದು ಒಂದು. ಅದೇ ಪದ್ಧತಿ ಬೇರೆ ದೇಶಗಳಿಗೆ ಹೋದಾಗ ಕೆಲವು ಕಡೆ ದಂಡ ಹಾಕಿದರು, ಹೊರಗೆ ಕೂತವರನ್ನು ಹೆಸರು ಹಿಡಿದು ಅವಮಾನ ಮಾಡಿದರು. ಅವಮಾನ ಯಾವಾಗಲೂ ಊರಿನಲ್ಲೇ ಅತಿ ಬಡವರ ಮೇಲೆ ಬೀಳುತ್ತದೆ. ಮರಳು ನೆಲದಲ್ಲಿ ತೋಡಿದ ಗುಂಡಿ ಮೊದಲ ಮಳೆಗೇ ಕುಸಿಯುತ್ತದೆ. ಗುಂಡಿಗೆ ಸಿಮೆಂಟ್ ಉಂಗುರ ಇಳಿಸಲು ದುಡ್ಡಿಲ್ಲದ ವಿಧವೆ ಏನು ಮಾಡಬೇಕು? ಊರು ಅಂದರೆ ಒಂದೇ ಮನಸ್ಸಲ್ಲ, ಅದರೊಳಗೂ ಮೇಲೆ ಕೆಳಗೆ ಇದೆ. ಸಮಿತಿ ಒಪ್ಪಿತು ಅಂದಾಗ ಯಾರು ಮಾತಾಡಲಿಲ್ಲ ಅಂತಲೂ ನೋಡಬೇಕು.

ಸೆನೆಗಲ್ ದೇಶದ ಸಂಗತಿ ಗೊತ್ತಾ? ಹೆಣ್ಣುಮಕ್ಕಳ ಜನನಾಂಗ ಛೇದನ ನಿಲ್ಲಿಸುತ್ತೇವೆ ಅಂತ 1997ರಲ್ಲಿ ಮಲಿಕುಂಡಾ ಬಂಬಾರಾ ಹಳ್ಳಿಯ ಹೆಂಗಸರು ಬಹಿರಂಗವಾಗಿ ಹೇಳಿದರು. ಅವರು ತೋಸ್ತಾನ್ ಸಂಸ್ಥೆಯ ತರಗತಿಗಳಲ್ಲಿ ಕಲಿತವರು. ಸುತ್ತಲಿನ ಊರುಗಳು ಸಿಟ್ಟಾದವು. ಆಗ ದೆಂಬಾ ಜವಾರಾ ಎಂಬ ಹಿರಿಯ ಇಮಾಮರು ಒಂದು ಮಾತು ಹೇಳಿದರು: ಒಂದು ಊರು ಒಂಟಿಯಾಗಿ ಇದನ್ನು ಬಿಡಲಾಗದು, ನಮ್ಮ ಹೆಣ್ಣುಗಳನ್ನು ತರುವುದು ಕೊಡುವುದು ಈ ಎಲ್ಲ ಊರುಗಳ ನಡುವೆ. ಒಂದು ಊರು ಬಿಟ್ಟರೆ ಆ ಊರಿನ ಹುಡುಗಿಯರಿಗೆ ಮದುವೆಯಾಗದು. ಆ ಹಿರಿಯರು ನೆಂಟರ ಊರುಗಳಿಗೆ ಕಾಲ್ನಡಿಗೆಯಲ್ಲಿ ಹೋಗಿ ಕೂತು ಮಾತಾಡಿದರು. 1998ರಲ್ಲಿ 13 ಹಳ್ಳಿಗಳು ಒಟ್ಟಿಗೆ ಘೋಷಿಸಿದವು. ಕಾನೂನು ಬಂದದ್ದು ಅದರ ಮರುವರ್ಷ. ಯಾರನ್ನೂ ಬೈಯಲಿಲ್ಲ, ಸಂಬಂಧದ ದಾರಿ ಹಿಡಿದರು. ಹೊರಗಿನವರಿಗೆ ಆ ದಾರಿ ಕಾಣುತ್ತಲೇ ಇರಲಿಲ್ಲ.

ಉಗಾಂಡಾದ ಬಗ್ಗೆ: ಗೋಡೆ ಕಟ್ಟುವವರು ಅಲ್ಲೇ ಇದ್ದಾರೆ, ನಿಮಗಿಂತ ಚೆನ್ನಾಗಿ ಕಟ್ಟುತ್ತಾರೆ, ಅವರಿಗೆ ಕೂಲಿಯೂ ಬೇಕು. ನಿಮ್ಮ ಕೈಯಲ್ಲಿ ಅಲ್ಲಿಲ್ಲದ ಯಾವ ವಿದ್ಯೆ ಇದೆ ಅಂತ ಅವರನ್ನೇ ಕೇಳಿ ಹೋಗಿ. ಕಲಿಯಲು ಹೋಗುವುದಾದರೆ ಕಲಿಯಲು ಅಂತಲೇ ಹೇಳಿ ಹೋಗಿ, ಆಗ ಯಾರಿಗೂ ಮೋಸವಿಲ್ಲ.

ಕಲ್ಲುಸಾಲು · ಸೋಮವಾರ ಬೆಳಿಗ್ಗೆ 6:30

ಕೃಷಿಯವನ ಒಂದು ಮಾತು. ಬುರ್ಕಿನಾ ಫಾಸೋದ ಯಾಟೆಂಗಾ ಪ್ರಾಂತ್ಯಕ್ಕೆ 1979ರಲ್ಲಿ ಆಕ್ಸ್‌ಫಾಮ್ ಎಂಬ ನೆರವು ಸಂಸ್ಥೆ ಹೋಗಿದ್ದು ಮರ ನೆಡಿಸಲು. ಬರ ಬಿದ್ದ ನೆಲ. ಮಳೆನೀರು ಹಿಡಿಯಲು ಸಣ್ಣ ಸಣ್ಣ ಒಡ್ಡು ಹಾಕಿಸಿ ಅದರಲ್ಲಿ ಸಸಿ ನೆಡಿಸಿದರು. ರೈತರು ನೀರು ನಿಂತದ್ದನ್ನು ನೋಡಿದರು, ಸಸಿಯ ಪಕ್ಕದಲ್ಲಿ ಜೋಳ ಬಿತ್ತಿದರು. ಅವರಿಗೆ ಬೇಕಿದ್ದದ್ದು ಕಾಳು. ಅಲ್ಲಿದ್ದವರು ಅದನ್ನು ತಪ್ಪು ಅನ್ನಲಿಲ್ಲ, ಪ್ರಾಜೆಕ್ಟನ್ನೇ ತಿರುಗಿಸಿದರು. ಹಿಂದಿನವರು ಹಾಕುತ್ತಿದ್ದ ಕಲ್ಲಿನ ಸಾಲುಗಳನ್ನೇ ಸಮಪಾತಳಿಯಲ್ಲಿ, ಅಂದರೆ ಒಂದೇ ಎತ್ತರದ ಗೆರೆಯಲ್ಲಿ, ಹಾಕುವುದು ಅಂತ ತೀರ್ಮಾನವಾಯಿತು.

ಸಮಪಾತಳಿ ಹುಡುಕಲು ಸರ್ವೇ ಯಂತ್ರ ಬೇಕಲ್ಲ? ಒಂದು ಪಾರದರ್ಶಕ ರಬ್ಬರ್ ಕೊಳವೆ, ಎರಡು ಕೋಲು, ಕೊಳವೆಯಲ್ಲಿ ನೀರು. ಎರಡೂ ಕೋಲಿನಲ್ಲಿ ನೀರು ಒಂದೇ ಗುರುತಿಗೆ ನಿಂತರೆ ಆ ಎರಡು ಜಾಗ ಒಂದೇ ಮಟ್ಟದಲ್ಲಿವೆ ಅಂತ ಅರ್ಥ. ಓದು ಬಾರದ ರೈತರು ಒಂದೆರಡು ದಿನದಲ್ಲಿ ಕಲಿತು ಪಕ್ಕದ ಊರಿಗೆ ಕಲಿಸಿದರು. ಅದೇ ಸೀಮೆಯ ಯಾಕೂಬಾ ಸಾವಡೊಗೊ ಜೈ ಅನ್ನುವ ಹಳೇ ಬಿತ್ತನೆ ಗುಂಡಿಯ ಪದ್ಧತಿಯನ್ನು ಸುಧಾರಿಸಿ, ಬೇಸಿಗೆಯಲ್ಲೇ ಗುಂಡಿ ತೋಡಿ ಗೊಬ್ಬರ ತುಂಬಿಟ್ಟರು. ಗೆದ್ದಲು ಬಂದು ನೆಲ ಸಡಿಲ ಮಾಡಿತು, ಮಳೆ ಇಂಗಿತು, ಬಂಜರಿನಲ್ಲಿ ಬೆಳೆ ಬಂತು, ಮರಗಳೂ ಬಂದವು. 2018ರಲ್ಲಿ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. ಮೊದಲು ಶುರುಮಾಡಿದಾಗ ಊರವರೇ ಹುಚ್ಚ ಅಂದಿದ್ದರಂತೆ.

ಕೈಪಂಪು · ಸೋಮವಾರ ರಾತ್ರಿ 9:50

ಮೂರು ಬೀಗ ಮೇಡಂ ಹೇಳಿದಂತೆ ಕೇಳಿಸಿದೆ. ಗೆಳೆಯ ನಿನ್ನೆ ಆ ಊರಿಗೆ ಹೋಗಿ ಖಜಾಂಚಿ ಅಮ್ಮನ ಮನೆಯಂಗಳದಲ್ಲಿ ಎರಡು ಗಂಟೆ ಕೂತು ಬಂದ.

ಫೆಬ್ರವರಿ ತಿಂಗಳು. ರಾತ್ರಿ ಒಬ್ಬ ಹೆಂಗಸಿಗೆ ಹೆರಿಗೆ ನೋವು, ಮಗು ಅಡ್ಡ ಬಂದಿದೆ. ಕಬಾಜಾ ಅಂತ ಕರೆಯುವ ಬೈಕ್ ಟ್ಯಾಕ್ಸಿಯಲ್ಲಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರು, ಅಲ್ಲಿ ಆಗುವುದಿಲ್ಲ, ಜಿಲ್ಲಾ ಆಸ್ಪತ್ರೆಗೆ ಹೋಗಿ ಅಂದರು. ಬಾಡಿಗೆ ಗಾಡಿಯವನು ಮುಂಗಡ ಕೇಳಿದ. ಆ ಹೊತ್ತಿನಲ್ಲಿ ಇಡೀ ಊರಿನಲ್ಲಿ ನಗದು ಇದ್ದದ್ದು ಒಂದೇ ಕಡೆ, ಪಂಪಿನ ಡಬ್ಬದಲ್ಲಿ. ಅಮ್ಮ ಡಬ್ಬ ತೆಗೆದು ಕೊಟ್ಟರು. ತಾಯಿ ಉಳಿದಳು, ಮಗುವೂ ಉಳಿಯಿತು. ಸುಗ್ಗಿಯಾದ ಮೇಲೆ ಆ ಮನೆಯವರು ಅರ್ಧ ವಾಪಸ್ ಕೊಟ್ಟರು, ಉಳಿದರ್ಧ ಕೊಡಲಾಗಲಿಲ್ಲ. ಆಮೇಲೆ ಪಂಪು ಕೆಟ್ಟಿತು.

ಇದನ್ನು ಸಮಿತಿ ಯಾರಿಗೂ ಹೇಳಲಿಲ್ಲ. ಯಾಕೆ ಅಂದರೆ, ಈ ದುಡ್ಡನ್ನು ಪಂಪಿಗೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಬಾರದು ಅಂತ ತರಬೇತಿಯಲ್ಲಿ ಹೇಳಿದ್ದರಂತೆ. ಹೇಳಿದವನು ನಾನು. ಬೋರ್ಡ್ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದದ್ದೂ ನೆನಪಿದೆ.

ಲೆಕ್ಕಪತ್ರ · ಸೋಮವಾರ ರಾತ್ರಿ 10:40

ನಾನು ನಿನ್ನೆ ದುರ್ಬಳಕೆ ಅಂತ ಬರೆದ ಸಾಲನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆ ಅಮ್ಮ ಮಾಡಿದ್ದು ಸರಿ. ತಪ್ಪಿದ್ದದ್ದು ಒಂದೇ ಡಬ್ಬ ಇಟ್ಟ ವ್ಯವಸ್ಥೆಯಲ್ಲಿ.

ನಮ್ಮ ಕಡೆಯ ಒಂದು ಸಂಗತಿ ಹೇಳಿಬಿಡುತ್ತೇನೆ. 2016ರಲ್ಲಿ ಇಸ್ತಾಂಬುಲ್‌ನ ಮಾನವೀಯ ನೆರವಿನ ಶೃಂಗಸಭೆಯಲ್ಲಿ ದೊಡ್ಡ ದಾನಿಗಳೂ ಸಂಸ್ಥೆಗಳೂ ಮಾತು ಕೊಟ್ಟರು, 2020ರೊಳಗೆ ನೆರವಿನ ಹಣದಲ್ಲಿ ಶೇ. 25 ಆಯಾ ದೇಶದ, ಆಯಾ ಊರಿನ ಸಂಸ್ಥೆಗಳ ಕೈಗೆ ಆದಷ್ಟು ನೇರವಾಗಿ ಹೋಗಬೇಕು ಅಂತ. ಆ ಗುರಿಯ ಹತ್ತಿರಕ್ಕೂ ಹೋಗಲಿಲ್ಲ. ಅಡ್ಡಿಯಾದದ್ದು ಬಹುಪಾಲು ನನ್ನಂಥವರು ಬರೆದ ನಿಯಮಗಳೇ: ಮೂರು ವರ್ಷದ ಆಡಿಟ್ ವರದಿ ಬೇಕು, ಇಂಗ್ಲಿಷ್‌ನಲ್ಲಿ ಪ್ರಸ್ತಾವನೆ ಬೇಕು. ಗೆಳೆಯರೊಬ್ಬರು ಅಂಗಳದಲ್ಲಿ ಎರಡು ಗಂಟೆ ಕೂತು ತಿಳಿದುಕೊಂಡದ್ದನ್ನು ನನ್ನ ಹದಿನಾಲ್ಕು ವರ್ಷದ ಯಾವ ತಪಾಸಣೆಯೂ ತಿಳಿಸುತ್ತಿರಲಿಲ್ಲ.

ಹಾಗಂತ ಊರವರ ಕೈಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅಂತಲೂ ನಾನು ಹೇಳಲಾರೆ. ಉಗಾಂಡಾದಲ್ಲಿ 50 ಆರೋಗ್ಯ ಕೇಂದ್ರ ಆರಿಸಿ, ಅರ್ಧದಷ್ಟರ ಮೇಲೆ ಊರವರೇ ನಿಗಾ ಇಟ್ಟಾಗ ಅಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಮೂರನೇ ಒಂದು ಭಾಗ ಇಳಿಯಿತು ಅಂತ 2009ರಲ್ಲಿ ಒಂದು ಅಧ್ಯಯನ ಬಂತು, ನಾವೆಲ್ಲ ಸಂಭ್ರಮಪಟ್ಟೆವು. ಆಮೇಲೆ 376 ಕೇಂದ್ರಗಳಲ್ಲಿ ದೊಡ್ಡದಾಗಿ ಮಾಡಿ ನೋಡಿದರೆ ಸಾವಿನ ಲೆಕ್ಕದಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಊರವರು ಎಷ್ಟೇ ಪ್ರಶ್ನಿಸಿದರೂ ಕೇಂದ್ರಕ್ಕೆ ಔಷಧಿ ಬರಬೇಕು, ದಾದಿಗೆ ಸಂಬಳ ಆಗಬೇಕು. ಸರ್ಕಾರ ಮಾಡಬೇಕಾದದ್ದನ್ನು ಸಮಿತಿಯ ತಲೆಗೆ ಕಟ್ಟಬಾರದು.

ಮೂರು ಬೀಗ · ಸೋಮವಾರ ರಾತ್ರಿ 11:15

ಕಣ್ಣು ತುಂಬಿ ಬಂತು ಸರ್. ನಮ್ಮ ಗುಂಪುಗಳ ಪೆಟ್ಟಿಗೆಯೊಳಗೆ ಎರಡು ಚೀಲ ಇರುತ್ತವೆ. ಒಂದು ಸಾಲಕ್ಕೆ. ಇನ್ನೊಂದು ಕಷ್ಟಕ್ಕೆ: ಸಾವು, ಹೆರಿಗೆ, ಬೆಂಕಿ ಬಿದ್ದ ಮನೆ. ಕಷ್ಟದ ಚೀಲಕ್ಕೆ ಪ್ರತಿ ಸಭೆಯಲ್ಲಿ ಎಲ್ಲರೂ ಒಂದೇ ಸಮ ಚಿಲ್ಲರೆ ಹಾಕುತ್ತಾರೆ, ಕೊಟ್ಟದ್ದಕ್ಕೆ ಬಡ್ಡಿ ಇಲ್ಲ. ಆ ಚೀಲ ಇದ್ದದ್ದರಿಂದಲೇ ಮೊದಲ ಚೀಲ ಉಳಿಯುತ್ತದೆ. ಪಂಪಿಗೆ ದುಡ್ಡು ಎತ್ತುವ ಊರಿನಲ್ಲಿ ಹೆರಿಗೆಗೂ ದುಡ್ಡು ಬೇಕಾಗುತ್ತದೆ ಅಂತ ನಾವು ಯೋಚಿಸಿರಬೇಕಿತ್ತು.

ಲೆಕ್ಕಪತ್ರ ಅವರ ಕೊನೆಯ ಮಾತು ನೂರಕ್ಕೆ ನೂರು ನಿಜ. ಅದಕ್ಕೆ ಒಂದು ಸೇರಿಸುತ್ತೇನೆ. ನೇಪಾಳದಲ್ಲಿ 1988ರಿಂದ ಸುಮಾರು 50,000 ಮಹಿಳಾ ಆರೋಗ್ಯ ಸ್ವಯಂಸೇವಕಿಯರು ಬೆಟ್ಟ ಹತ್ತಿಳಿದು ಮಕ್ಕಳಿಗೆ ವಿಟಮಿನ್ ಎ ಹನಿ ಹಾಕುತ್ತಿದ್ದಾರೆ, ಬಸುರಿಯರನ್ನು ನೋಡಿಕೊಳ್ಳುತ್ತಿದ್ದಾರೆ. ಸಂಬಳವಿಲ್ಲ, ಸಣ್ಣಪುಟ್ಟ ಭತ್ಯೆ. ಬಡ ಹೆಂಗಸಿನ ದಿನಕ್ಕೆ ಬೆಲೆ ಕಟ್ಟದೆ ಸೇವೆ ಅಂತ ಕರೆಯುವುದು ನನಗೆ ಸರಿಕಾಣುವುದಿಲ್ಲ. ನಿಮ್ಮ ಹತ್ತು ಜನ ಸಮಿತಿಯವರಿಗೂ ಮನೆಯಿದೆ, ಹೊಲವಿದೆ.

ನೇರ ದಾರಿ · ಮಂಗಳವಾರ ಬೆಳಿಗ್ಗೆ 7:20

ಮೊನ್ನೆ ಅವಸರಪಟ್ಟೆ ಅಂತ ಅನಿಸಿತು. ಆದರೂ ಕೇಳುತ್ತೇನೆ, ಹೊಂಡದ ನೀರು ಇವತ್ತೂ ಕುಡಿಯುತ್ತಿದ್ದಾರಲ್ಲ? ನಮ್ಮ ತತ್ವ ಕಾಪಾಡಿಕೊಳ್ಳಲು ಇನ್ನೊಂದು ತಿಂಗಳು ಮಕ್ಕಳು ಅದನ್ನೇ ಕುಡಿಯಬೇಕೇ?

ಕೈಪಂಪು · ಬುಧವಾರ ರಾತ್ರಿ 10:30

ನೇರ ದಾರಿ ಅವರ ಪ್ರಶ್ನೆ ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಅದನ್ನೇ ನೇರವಾಗಿ ಸಮಿತಿಗೆ ಕೇಳಿಸಿದೆ. ಇವತ್ತು ಸಂಜೆ ಗೆಳೆಯನ ಫೋನಿನಲ್ಲಿ ಸ್ಪೀಕರ್ ಹಾಕಿಸಿ ನಾನೂ ಮಾತಾಡಿದೆ. ಖಜಾಂಚಿ ಅಮ್ಮನೂ ಬಂದಿದ್ದರು. ಮೊದಲು ಅವರಲ್ಲಿ ಕ್ಷಮೆ ಕೇಳಿದೆ. ಅವರು ಒಂದು ಹೊತ್ತು ಸುಮ್ಮನಿದ್ದು, ಮಗು ಈಗ ನಡೆಯುತ್ತದೆ ಅಂದರು.

ದುಡ್ಡು ಕಳಿಸಬೇಕಾ ಅಂತ ಕೇಳಿದೆ. ಅವರವರಲ್ಲೇ ಬಹಳ ಹೊತ್ತು ಮಾತಾಯಿತು. ಸೀಲ್‌ಗೆ ಆಗುವಷ್ಟು ಊರಿನಲ್ಲೇ ಎತ್ತುತ್ತಾರಂತೆ, ಅದು ಹೆಚ್ಚೇನಲ್ಲ. ತೊಡಕು ಬೇರೆ ಕಡೆ ಇತ್ತು. ಸೀಲ್ ಸಿಗುವುದು ಬೋಮಾದಲ್ಲಿ, ಅಂದರೆ ಜಿಲ್ಲಾ ಕೇಂದ್ರದಲ್ಲಿ. ಹೋಗಿಬರುವ ಖರ್ಚು ಸೀಲ್‌ನ ಬೆಲೆಗಿಂತ ಜಾಸ್ತಿ. ನಾವು ಕೊಟ್ಟುಬಂದ ಎರಡು ಬಿಡಿ ಸೀಲ್ ಮೊದಲ ವರ್ಷವೇ ಮುಗಿದಿವೆ. ಈಗ ಸುತ್ತಲಿನ ನಾಲ್ಕು ಊರಿನ ಸಮಿತಿಗಳು ಸೇರಿ ಒಬ್ಬರನ್ನೇ ಕಳಿಸಿ ನಾಲ್ಕೂ ಊರಿಗೆ ತರಿಸುತ್ತವೆ. ವಂತಿಗೆ ಇನ್ನು ಮೇನಲ್ಲಿ ವರ್ಷಕ್ಕೊಂದೇ ಸಲ, ಕೊಡಲಾಗದವರು ಕಾಳು ಕೊಡಬಹುದು. ಹೆರಿಗೆ, ಆಸ್ಪತ್ರೆಗೆ ಬೇರೆ ಡಬ್ಬ. ಇದರಲ್ಲಿ ಒಂದನ್ನೂ ನಾನು ಹೇಳಿಕೊಟ್ಟದ್ದಲ್ಲ.

ಹೊಂಡದ ನೀರಿಗೆ ಅಲ್ಲಿಯವರೆಗೆ ಹಾಕಲು ಕ್ಲೋರಿನ್ ಕೊಡಿಸಬಹುದಾ ಅಂತ ಆರೋಗ್ಯ ಸಹಾಯಕರನ್ನು ಕೇಳುತ್ತೇನೆ ಅಂತ ಗೆಳೆಯ ಹೇಳಿದ್ದಾನೆ.

ರಿಪೇರಿಯವರು, ಅಲ್ಲಿ ಏರಿಯಾ ಮೆಕ್ಯಾನಿಕ್ ಅನ್ನುತ್ತಾರೆ, ಸೈಕಲ್ಲಿನಲ್ಲಿ ಇಪ್ಪತ್ತು ಕಿಲೋಮೀಟರ್ ಬರಬೇಕು. ಬರುವ ಮೊದಲು ಅವರು ಒಂದು ಪ್ರಶ್ನೆ ಕಳಿಸಿದ್ದರು: ಪಂಪು ಎಷ್ಟು ಆಳದಲ್ಲಿದೆ, ಸರಳು ಎಷ್ಟು? ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಕೊರೆದ ದಿನದ ದಾಖಲೆ ಹಾಳೆಯನ್ನು ನಾವು ಕಚೇರಿಗೆ ಕೊಟ್ಟೆವು, ವರದಿಗೆ ಲಗತ್ತಿಸಿದೆವು, ಊರಿಗೆ ಒಂದು ಪ್ರತಿ ಕೊಡಲೇ ಇಲ್ಲ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಅದು ಇಷ್ಟು ವರ್ಷ ಬಿದ್ದಿತ್ತು.

ತೆಗೆದು ಫೋನಿನಲ್ಲೇ ಓದಿ ಹೇಳಿದೆ. ಕಾರ್ಯದರ್ಶಿ ಒಂದೊಂದನ್ನೂ ತಿರುಗಿ ಹೇಳಿ ಬರೆದುಕೊಂಡರು. ಕೊರೆದ ಆಳ 45 ಮೀಟರ್. ನೀರು ನಿಂತದ್ದು 17 ಮೀಟರ್‌ಗೆ. ಸಿಲಿಂಡರ್ 33 ಮೀಟರ್‌ನಲ್ಲಿ. ಮೂರು ಮೀಟರ್‌ನ ಪೈಪು ಹನ್ನೊಂದು, ಸರಳು ಹನ್ನೊಂದು. ಬರೆದಾದ ಮೇಲೆ ಅವರು ಕೇಳಿದರು, ಪಕ್ಕದ ಊರಿನ ಪಂಪಿನದೂ ನಿಮ್ಮ ಹತ್ತಿರ ಇದೆಯಾ?

ಇದೆ. ಒಟ್ಟು ನಲವತ್ತೊಂದು ಹಾಳೆ. ಒಂದೊಂದನ್ನೂ ತೆರೆದು, ಊರಿನ ಹೆಸರು ಮೇಲೆ ದೊಡ್ಡದಾಗಿ ಬರೆದು ಗೆಳೆಯನಿಗೆ ಕಳಿಸುತ್ತಿದ್ದೇನೆ. ಹದಿನೆಂಟು ಮುಗಿದಿದೆ.